ಹೊಗೆ ಮೇಷ್ಟ್ರ ಮೂಗು

ಸೋಪನ್ನು ಮೂಗಿಗೆ ಒತ್ತಿ ಹಿಡಿದುಕೊಂಡು ಗುಬ್ಬಿ ಮತ್ತೊಮ್ಮೆ ಉಸಿರೆಳೆದಳು. ಏನೂ ಇಲ್ಲ. ಸೋಪು ತಣ್ಣಗಿತ್ತು, ಒದ್ದೆಯಾಗಿತ್ತು, ಅಷ್ಟೇ. ಪೇಸ್ಟಿನ ಮುಚ್ಚಳ ತೆಗೆದು ಮೂಸಿದಳು. ಮೂಲೆಯಲ್ಲಿದ್ದ ಫಿನಾಯಿಲ್ ಬಾಟಲಿ ಎತ್ತಿ ಮೂಸಿದಳು. ಕಣ್ಣಲ್ಲಿ ನೀರು ಬಂತೇ ಹೊರತು ವಾಸನೆ ಬರಲಿಲ್ಲ. ಇವತ್ತಿಗೆ ಮೂರನೇ ದಿನ. ಮನೆಯಲ್ಲಿ ಸಾವಾಗಿರುವಾಗ ತನ್ನ ಮೂಗಿನ ಚಿಂತೆ ಮಾಡುತ್ತಾ ಬಚ್ಚಲಲ್ಲಿ ನಿಂತಿರುವುದು ನಾಚಿಕೆಗೇಡು ಅಂತ ಅವಳಿಗೂ ಗೊತ್ತಿತ್ತು. ನೆಗಡಿಯಲ್ಲ, ಜ್ವರವಲ್ಲ. ಮೂಗು ಸುಮ್ಮನೆ ಸತ್ತುಹೋಗಿತ್ತು. ಚಿಕ್ಕಂದಿನಿಂದ ಸಣ್ಣದೊಂದು ಹಲ್ಲುನೋವನ್ನೂ ಬಿಡದೆ ಡೈರಿಯಲ್ಲಿ ಬರೆದಿಟ್ಟವಳು, ಇದೊಂದನ್ನು ಮಾತ್ರ ಬರೆದಿರಲಿಲ್ಲ. ಬರೆದರೆ ಅದು ಯಾಕೆ ಹೋಯಿತು ಎನ್ನುವುದನ್ನೂ ಬರೆಯಬೇಕಾಗುತ್ತಿತ್ತು.

ಬಾಗಿಲಲ್ಲಿ ದಬದಬ ಸದ್ದಾಯಿತು.

"ಏ ಗುಬ್ಬಿ, ಒಳಗೇ ಸಂಸಾರ ಹೂಡಿದೀಯೇನೇ? ಪೆಟ್ಟಿಗೆ ಬಂತು. ಹೊರಗೆ ಬಾ."

ದೊಡ್ಡಮ್ಮನ ದನಿ. ಸತ್ತ ತಮ್ಮನ ಮುಖ ನೋಡಲು ಬೇರೆ ಊರಿಂದ ನಿನ್ನೆ ಸಂಜೆ ಬಂದಿಳಿದವಳು. ಅವಳು ಬರಲಿ ಅಂತಲೇ ಮಾವನನ್ನು ಎರಡು ದಿನ ಆಸ್ಪತ್ರೆಯ ತಣ್ಣನೆ ಕೋಣೆಯಲ್ಲಿ ಕಾಯಿಸಿದ್ದರು.

ನಡುಮನೆಯಲ್ಲಿ ಎರಡು ಬೆಂಚು ಜೋಡಿಸಿ ಶವದ ಪೆಟ್ಟಿಗೆ ಇಟ್ಟಿದ್ದರು. ಮಾವನಿಗೆ ಬೂದುಬಣ್ಣದ ಕೋಟು ತೊಡಿಸಿದ್ದರು. ಮೂವತ್ತೊಂದು ವರ್ಷ ಇಸ್ತ್ರಿಪೆಟ್ಟಿಗೆ ಕಾರ್ಖಾನೆಯಲ್ಲಿ ತಪಾಸಣೆ ಕೆಲಸ ಮಾಡಿ, ಕೊನೆಯ ದಿನ ಹಾರ ಹಾಕಿಸಿಕೊಳ್ಳಲು ಹೊಲಿಸಿದ ಕೋಟು ಅದು. ಅದಾದ ಮೇಲೆ ತೊಟ್ಟದ್ದು ಇವತ್ತೇ. ಮುಖ ಅವನದಲ್ಲ ಎನಿಸುತ್ತಿತ್ತು. ಅವನ ಹಾಗೆ ಕಾಣುವ ಯಾರನ್ನೋ ತಂದು ಮಲಗಿಸಿದ ಹಾಗಿತ್ತು. ಬಲಗೈಯ ತೋರುಬೆರಳು ಮಾತ್ರ ಸಂದೇಹಕ್ಕೆ ಜಾಗವಿಲ್ಲದಂತೆ ಅವನದು. ಸುಟ್ಟು ಸುಟ್ಟು ಗೆರೆಗಳೇ ಅಳಿಸಿಹೋಗಿ ತುದಿ ನುಣ್ಣಗೆ ಹೊಳೆಯುತ್ತಿತ್ತು.

ಅತ್ತೆ ಪೆಟ್ಟಿಗೆಯ ತಲೆಯ ಕಡೆ ಕುರ್ಚಿ ಹಾಕಿಕೊಂಡು ಕೂತಿದ್ದಳು. ಅಳುತ್ತಿರಲಿಲ್ಲ. ಕೋಟಿನ ತೋಳಿನ ಮೇಲೆ ಒಂದು ದಾರದ ಎಳೆ ಇತ್ತು. ಅದನ್ನು ತೆಗೆಯಲೋ ಬೇಡವೋ ಎನ್ನುವಂತೆ ನೋಡುತ್ತಿದ್ದಳು. ಗೋಡೆಯುದ್ದಕ್ಕೂ ಆಟಿಕೆಯಂಥ ಮಾದರಿ ರೈಲು ಓಡಿಸುವ ಕ್ಲಬ್ಬಿನವರು, ಕಾರ್ಖಾನೆಯ ಹಳಬರು, ಬೀದಿಯವರು ನಿಂತಿದ್ದರು. ಕ್ಲಬ್ಬಿನಲ್ಲಿ ಮಾವನನ್ನು ಯಾರೂ ಹೆಸರು ಹಿಡಿದು ಕರೆದದ್ದಿಲ್ಲ. ಅಂಗೈಯಷ್ಟುದ್ದದ ಉಗಿಬಂಡಿಯ ಚಿಮಣಿಯಿಂದ ನಿಜವಾದ ಹೊಗೆ ಬರಿಸುತ್ತಿದ್ದ ಅವನು ಎಲ್ಲರಿಗೂ ಹೊಗೆ ಮೇಷ್ಟ್ರು.

ಎದುರುಮನೆಯ ಎಲೆಕ್ಟ್ರಿಷಿಯನ್ ಕುರ್ಚಿಯೊಂದನ್ನು ಎತ್ತಿಕೊಂಡು ಬಂದು ಗುಬ್ಬಿಯ ಪಕ್ಕ ಇಟ್ಟ. ಇಟ್ಟವನು ಹಾಗೇ ನಿಂತ.

"ಏನೋ ಸುಡ್ತಾ ಇದೆಯಲ್ಲ?"

"ನನಗೂ ಬಂತು ಕಣಪ್ಪ," ಅಂದಳು ದೊಡ್ಡಮ್ಮ. "ಬಟ್ಟೆ ಸುಟ್ಟ ಹಾಗೆ. ಒಲೆ ಮೇಲೆ ಏನಾದ್ರೂ ಇಟ್ಟಿದ್ದಾರಾ ನೋಡು."

"ಒಲೆ ಹಚ್ಚೇ ಇಲ್ಲ ಅಕ್ಕ," ಅಂದಳು ಅತ್ತೆ.

"ಈ ಮನೇಲಿ ಎಲ್ಲ ವೈರೂ ನಾನೇ ಎಳೆದಿದ್ದು. ಸುಟ್ರೆ ವೈರಲ್ಲ, ನನ್ನ ಹೆಸರು ಸುಡುತ್ತೆ," ಅನ್ನುತ್ತಾ ಎಲೆಕ್ಟ್ರಿಷಿಯನ್ ಜೇಬಿನಿಂದ ಟೆಸ್ಟರು ತೆಗೆದ. ಸಾವಿನ ಮನೆ ಎನ್ನುವುದನ್ನು ಮರೆತು ಸ್ವಿಚ್‌ಬೋರ್ಡಿನಿಂದ ಸ್ವಿಚ್‌ಬೋರ್ಡಿಗೆ ಮೂಗು ಚಾಚಿಕೊಂಡು ನಡೆದ.

ಗುಬ್ಬಿ ಕುರ್ಚಿಯಲ್ಲಿ ಕೂರಲಿಲ್ಲ. ಜನ ತನ್ನ ಕಡೆ ನೋಡುವುದು ಅವಳಿಗೆ ಆಗದು. ಮೆಲ್ಲಗೆ ಸರಿದು ಕಿಟಕಿಯ ಬಳಿ ಹೋಗಿ ನಿಂತಳು. ಅಲ್ಲಿದ್ದ ಕಾರ್ಖಾನೆಯ ಹಳಬನೊಬ್ಬ ತಲೆ ಎತ್ತಿ, "ಇಲ್ಲೇ, ಇಲ್ಲೇ ಬರ್ತಾ ಇದೆ," ಅಂದ. ಎಲೆಕ್ಟ್ರಿಷಿಯನ್ ಓಡಿ ಬಂದು ಕಿಟಕಿಯ ಪಕ್ಕದ ಪ್ಲಗ್ಗು ಬಿಚ್ಚಿ ನೋಡಿದ. ಗುಬ್ಬಿ ಪುಸ್ತಕದ ಕಪಾಟಿನ ಕಡೆ ಹೋದಳು. ಕಪಾಟಿಗೆ ಒರಗಿದ್ದ ಹೆಂಗಸು ಕರವಸ್ತ್ರ ಮೂಗಿಗೆ ಹಿಡಿದಳು. ಗುಬ್ಬಿ ಮೆಟ್ಟಿಲ ಬುಡಕ್ಕೆ ಹೋದಳು. ಅಲ್ಲಿ ಯಾರೂ ಇರಲಿಲ್ಲ. ವಾಸನೆ ನಿಂತಿತು ಅಂತ ಎಲ್ಲರೂ ಹೇಳಿದರು.

ಅವಳು ಮೆಟ್ಟಿಲ ಮೇಲೆ ಕೂತು ತನ್ನ ಮುಂಗೈ, ತೋಳು, ಕೂದಲ ತುದಿ ಎಲ್ಲವನ್ನೂ ಮೂಸಿ ನೋಡಿಕೊಂಡಳು. ಅವಳಿಗೆ ಏನೂ ಗೊತ್ತಾಗಲಿಲ್ಲ.

"ನೋಡಿ," ಅಂತ ದೊಡ್ಡಮ್ಮ ಯಾರಿಗೂ ಅಲ್ಲದಂತೆ, ಎಲ್ಲರಿಗೂ ಕೇಳುವಂತೆ ಶುರುಮಾಡಿದಳು. "ಇಲ್ಲದೇ ಇರೋ ವಾಸನೆ ಇವತ್ತು ಇಷ್ಟು ಜನರ ಮೂಗಿಗೆ ಬಡೀತು. ಅವತ್ತು ನನ್ನ ತಮ್ಮ ಹೋದಾಗ ಕೋಣೆ ತುಂಬ ಕಪ್ಪು ಹೊಗೆ ಅಂತೆ. ಪಕ್ಕದ ಕೋಣೇಲೇ ಕೂತಿದ್ದ ಹೆಂಡತಿಗೆ ಒಂದು ಚೂರೂ ಬರಲಿಲ್ವಂತೆ."

ಅತ್ತೆ ದಾರದ ಎಳೆಯನ್ನು ತೆಗೆದು ಬೆರಳಿಗೆ ಸುತ್ತಿಕೊಂಡಳು.

"ಬಂತು ಅಕ್ಕ. ಬರಲಿಲ್ಲ ಅಂತ ನಾನೆಲ್ಲಿ ಹೇಳಿದೆ? ಇಪ್ಪತ್ತು ವರ್ಷದಿಂದ ಬರ್ತಾನೇ ಇದೆ. ಅದಕ್ಕೇ ಬಾಗಿಲು ಹಾಕ್ಕೊಂಡೆ."

"ಹಾಕ್ಕೊಂಡೆ! ಒಳಗೆ ಒಬ್ಬ ಮನುಷ್ಯ ಇದಾನೆ ಅಂತಾದ್ರೂ—"

"ಹೃದಯ ನಿಂತಿದ್ದು ಅಂತ ಡಾಕ್ಟರು ಬರೆದುಕೊಟ್ಟಿದ್ದಾರೆ," ಅಂತ ಕ್ಲಬ್ಬಿನವರೊಬ್ಬರು ನಡುವೆ ಬಂದರು.

"ಯಾಕೆ ನಿಂತಿತು ಅಂತ ಬರೆದಿದ್ದಾರಾ?" ಅಂದಳು ದೊಡ್ಡಮ್ಮ.

*

ಅಮ್ಮ ತೀರಿಹೋದ ಮೇಲೆ, ಅಮ್ಮನ ಅಣ್ಣನಾದ ಮಾವನ ಮನೆಗೆ ಬಂದಾಗ ಗುಬ್ಬಿಗೆ ಹನ್ನೆರಡು. ಆರು ತಿಂಗಳು ಅವಳು ಯಾರ ಹತ್ತಿರವೂ ಸರಿಯಾಗಿ ಮಾತಾಡಲಿಲ್ಲ. ಮಾವ ಮಾತಾಡಿಸಲೂ ಇಲ್ಲ. ಹಿಂದಿನ ಕೋಣೆಯಲ್ಲಿ ಒಂದು ಮೊಣಕಾಲೆತ್ತರದ ಸ್ಟೂಲು ಹಾಕಿಕೊಟ್ಟು, "ಕೂತ್ಕೋ. ಮುಟ್ಟಬೇಡ. ಮೂಸಬಹುದು," ಅಂದ.

ಆ ಕೋಣೆಗೆ ಚಪ್ಪಲಿ, ಬೂಟು ಹಾಕಿಕೊಂಡು ಹೋಗುವಂತಿರಲಿಲ್ಲ. ಧೂಳಿನ ಒಂದು ಕಣ ಹಳಿಯ ಮೇಲೆ ಬಿದ್ದರೂ ಇಂಜಿನ್ನು ಮುಗ್ಗರಿಸುತ್ತದೆ ಎನ್ನುವುದು ಅವನ ನಂಬಿಕೆ. ಮೇಜಿನ ಮೇಲೆ ಮೊಟ್ಟೆಯಾಕಾರದ ಹಳಿ. ಹಳಿಯ ಸುತ್ತ, ಊರಿನ ನಾನಾ ಮನೆಗಳಿಂದ ಬಂದ ಪೇಷಂಟುಗಳು. ಹಾಗೇ ಅವನು ಅವುಗಳನ್ನು ಕರೆಯುತ್ತಿದ್ದದ್ದು. ಹೊಗೆ ಬರದ ಇಂಜಿನ್ನುಗಳು, ಹೊಗೆ ನಿಲ್ಲದವು, ಎಲ್ಲಕ್ಕಿಂತ ಹೆಚ್ಚಾಗಿ, ಮೈ ಕಾದು ಚಿಮಣಿ ಕರಗಿಸಿಕೊಂಡವು.

"ಇದರ ಹೊಟ್ಟೇಲಿ ಏನಿದೆ ಗೊತ್ತಾ? ಒಂದು ಇಸ್ತ್ರಿಪೆಟ್ಟಿಗೆ," ಅನ್ನುತ್ತಿದ್ದ. ಚಿಮಣಿಯೊಳಗೆ ಬೆಂಕಿಕಡ್ಡಿ ದಪ್ಪದ ಕೊಳವೆ, ಅದರಲ್ಲಿ ಕೂದಲೆಳೆಯಂಥ ತಂತಿಯ ಸುರುಳಿ, ಸುರುಳಿಯ ನಡುವೆ ಗಾಜಿನ ನಾರಿನ ಬತ್ತಿ. ಐದೇ ತೊಟ್ಟು ಹೊಗೆ ಎಣ್ಣೆ. ಆರನೆಯದು ಹಾಕಿದರೆ ಉಸಿರು ಕಟ್ಟುತ್ತದೆ, ಹಾಕದೇ ಓಡಿಸಿದರೆ ಸುರುಳಿ ಕೆಂಪಾಗಿ ಮೈಯೆಲ್ಲ ಮೇಣವಾಗುತ್ತದೆ. "ಜನ ಏನ್ ಮಾಡ್ತಾರೆ? ಹೊಗೆ ಕಡಿಮೆಯಾಯ್ತು ಅಂತ ಕರೆಂಟು ಜಾಸ್ತಿ ಮಾಡ್ತಾರೆ. ಸುಸ್ತಾದೋನಿಗೆ ಚಾವಟೀಲಿ ಹೊಡೆದ ಹಾಗೆ."

ಅವನ ತಪಾಸಣೆಗೆ ಕ್ರಮವಿತ್ತು. ಮೊದಲು ವೋಲ್ಟೇಜು. ಹಳೇ ಇಂಜಿನ್ನು ಹನ್ನೆರಡಕ್ಕೆ ಹುಟ್ಟಿದ್ದು, ಹೊಸ ಕಂಟ್ರೋಲರು ಹದಿನೆಂಟು ಕೊಟ್ಟರೆ ಕಾಯದೇ ಇನ್ನೇನು. ಕರೆಂಟು ತಗ್ಗಿಸಲು ಮಧ್ಯೆ ಒಂದು ರೆಸಿಸ್ಟರ್ ಸೇರಿಸಬೇಕು. ಆಮೇಲೆ ಎಣ್ಣೆ. ಆಮೇಲೆ ಬೆಸುಗೆ. ಆಮೇಲೆ ಬೆರಳು: ಬಾಯ್ಲರಿನ ಬೆನ್ನ ಮೇಲೆ ಬೆರಳಿಟ್ಟು ಹತ್ತು ಎಣಿಸಬೇಕು, ಅಷ್ಟರೊಳಗೆ ತೆಗೆದರೆ ಫೇಲು. ಎಲ್ಲ ಪಾಸಾದ ಮೇಲೆ ಮೂಗು. ಒಂದು ನಿಮಿಷ ಓಡಿಸಿ, ನಿಲ್ಲಿಸಿ, ಚಿಮಣಿಯನ್ನು ಮೂಗಿನ ಹತ್ತಿರ ತಂದು ಕಣ್ಣು ಮುಚ್ಚಿ ಮೂಸುವುದು. ಎಣ್ಣೆ ಹದವಾಗಿ ಕಾದರೆ ಸಿಹಿ ಬರುತ್ತದೆ. ಎಣ್ಣೆ ಬತ್ತಿಹೋಗಿದ್ದರೆ ಖಾಲಿ ಬಾಣಲೆಯ ವಾಸನೆ. ತಂತಿಯ ಮೆರುಗು ಸುಟ್ಟಿದ್ದರೆ ಹಳಸಿದ ಮೀನು. ಕೊಳವೆಯೊಳಗೆ ಬಟ್ಟೆಯದೋ ಹತ್ತಿಯದೋ ಚೂರು ಸಿಕ್ಕಿಕೊಂಡಿದ್ದರೆ, ಇಸ್ತ್ರಿ ಮಾಡುತ್ತಾ ಮೈಮರೆತವನ ಅಂಗಿ. "ಅಂಗಿ ವಾಸನೆ ಬಂದ್ರೆ ಮುಂದಕ್ಕೆ ಓಡಿಸಲೇಬಾರದು. ಅದು ಒಳಗೊಳಗೇ ಕೆಂಡ ಕಟ್ಟುತ್ತೆ. ಕಣ್ಣಿಗೆ ಕಾಣಲ್ಲ."

ಕಳೆದ ವರ್ಷ ಮಾವನಿಗೆ ಒಂದು ಜ್ವರ ಬಂತು. ಜ್ವರ ಬಿಟ್ಟು ಎರಡು ವಾರದ ಮೇಲೆ ಮಾವ ಗುಬ್ಬಿಯನ್ನು ಹಿಂದಿನ ಕೋಣೆಗೆ ಕರೆದು ಬಾಗಿಲು ಹಾಕಿದ. ಕೈಯಲ್ಲಿದ್ದ ಇಂಜಿನ್ನಿನಿಂದ ಕಣ್ಣು ಉರಿಯುವಷ್ಟು ಹೊಗೆ ಬರುತ್ತಿತ್ತು.

"ಇದು ಏನು ವಾಸನೆ?"

"ಮೀನು ಮಾವ. ಥೂ. ಗೊತ್ತಾಗ್ತಿಲ್ವಾ?"

ಅವನು ತಲೆಯಲ್ಲಾಡಿಸಿದ. ಎಪ್ಪತ್ತರ ಗಂಡಸು, ಮೊದಲ ದಿನ ಶಾಲೆಗೆ ಬಿಟ್ಟ ಮಗುವಿನಂತೆ ನಿಂತಿದ್ದ.

"ಯಾರಿಗೂ ಹೇಳಬೇಡ. ನಿಮ್ಮತ್ತೆಗೂ. ಹೊಗೆ ಮೇಷ್ಟ್ರಿಗೆ ಮೂಗಿಲ್ಲ ಅಂತ ಗೊತ್ತಾದ್ರೆ ಯಾರು ತರ್ತಾರೆ ಇಂಜಿನ್ನು? ಇವೂ ಇಲ್ಲ ಅಂದ್ರೆ ನಾನು ಬೆಳಗ್ಗೆ ಎದ್ದು ಏನು ಮಾಡ್ಲಿ?"

ಅವತ್ತಿನಿಂದ ದಿನಕ್ಕೆ ಎರಡೋ ಮೂರೋ ಸಲ ಹಿಂದಿನ ಕೋಣೆಯಿಂದ ಕೂಗು ಬರುತ್ತಿತ್ತು. "ಗುಬ್ಬೀ, ಸ್ವಲ್ಪ ಮೂಗು ಕೊಟ್ಟು ಹೋಗು!" ಅತ್ತೆಗೆ ಅದು ಮಾವ–ಸೊಸೆಯರ ಏನೋ ಹುಡುಗಾಟ. ಗುಬ್ಬಿಗೆ ಮಾತ್ರ ಅದೊಂದು ಉದ್ಯೋಗವಾಗಿತ್ತು. ಪದವಿ ಮುಗಿಸಿ ಎರಡು ವರ್ಷವಾದರೂ ಬೇರೆ ಯಾರೂ ಅವಳಿಂದ ಏನನ್ನೂ ಕೇಳಿರಲಿಲ್ಲ.

*

"ಗುಬ್ಬಿ," ಅಂತ ಅತ್ತೆ ಕರೆದಳು. "ಅವರ ಕನ್ನಡಕ ತಗೊಂಡು ಬಾ. ಕೋಟಿನ ಜೇಬಲ್ಲಿ ಇರಲಿ."

ಹಿಂದಿನ ಕೋಣೆಗೆ ಅವತ್ತಿನಿಂದ ಯಾರೂ ಹೋಗಿರಲಿಲ್ಲ. ಎಲೆಕ್ಟ್ರಿಷಿಯನ್ ಫ್ಯೂಸು ಕಿತ್ತಿದ್ದ, ಅತ್ತೆ ಕಿಟಕಿ ಮುಚ್ಚಿದ್ದಳು, ಅಷ್ಟೇ. ಗುಬ್ಬಿ ಅಭ್ಯಾಸಬಲದಿಂದ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದಳು. ಗೋಡೆಯ ಮೇಲೆ, ಮಾವ ಕೂರುತ್ತಿದ್ದ ಎತ್ತರಕ್ಕೆ, ಮಸಿ ಹಿಡಿದಿತ್ತು. ಕನ್ನಡಕ ಮೇಜಿನ ತುದಿಯಲ್ಲಿ ಕಾಲು ಮಡಚಿಕೊಂಡು ಇತ್ತು.

ಹಳಿಯ ಮೇಲೆ ಇಂಜಿನ್ನು ನಿಂತೇ ಇತ್ತು. ಚಿಮಣಿ ಕರಗಿ ಒಂದು ಕಡೆ ಬಾಗಿತ್ತು, ನಿದ್ದೆಗೆ ಜಾರಿದವರ ಕತ್ತಿನಂತೆ.

ಯಾಕೆ ಹಾಗೆ ಮಾಡಿದಳೋ, ಅದರ ಬೆನ್ನ ಮೇಲೆ ಬೆರಳಿಟ್ಟಳು. ಒಂದು, ಎರಡು, ಮೂರು. ತಣ್ಣಗಿರಬೇಕಿತ್ತು. ನಾಲ್ಕು, ಐದು. ಬಿಸಿ ಮೊದಲು ಚರ್ಮದಲ್ಲಿ, ಆಮೇಲೆ ಉಗುರಿನ ಬುಡದಲ್ಲಿ. ಆರು. ಏಳಕ್ಕೆ ಬೆರಳು ಕಿತ್ತುಕೊಂಡಳು. ಮೇಜಿನ ಕೆಳಗೆ ಬಗ್ಗಿ ನೋಡಿದಳು. ವೈರು ಪ್ಲಗ್ಗಿನಿಂದ ಹೊರಗೆ, ನೆಲದ ಮೇಲೆ ಬಿದ್ದಿತ್ತು.

ಬೆರಳು ಬಾಯಲ್ಲಿಟ್ಟುಕೊಂಡಳು. ನಡುಮನೆಯಿಂದ ದೊಡ್ಡಮ್ಮನ ಮಾತು ಕೇಳಿಸುತ್ತಿತ್ತು. ಗುಬ್ಬಿ ಸ್ಕ್ರೂಡ್ರೈವರು ತೆಗೆದುಕೊಂಡು ಇಂಜಿನ್ನನ್ನು ಬಟ್ಟೆಯ ಮೇಲೆ ಮಗುಚಿದಳು. ಎರಡು ಸ್ಕ್ರೂ ಬಿಚ್ಚಿ, ಮೈ ಎತ್ತಿ, ಕೊಳವೆಯೊಳಗೆ ಚಿಮಟ ಇಳಿಸಿದಳು. ಬತ್ತಿಯ ಕೆಳಗೆ, ಯಾರ ಕಣ್ಣಿಗೂ ಬೀಳದ ಜಾಗದಲ್ಲಿ, ಕಪ್ಪು ಉಂಡೆಯೊಂದಿತ್ತು. ಹಿಂಜಿದಾಗ ನಡುವೆ ಇನ್ನೂ ಬೆಳ್ಳಗೆ ಒಂದು ಎಳೆ ಉಳಿದಿತ್ತು. ಹತ್ತಿ.

ಅಂಗಿ ವಾಸನೆ. ಮೂಗಿದ್ದವರು ಒಂದು ಸಲ ಬಗ್ಗಿದ್ದರೆ ಸಾಕಾಗಿತ್ತು.

ಪಕ್ಕದಲ್ಲೇ ಪೇಷಂಟುಗಳ ಪುಸ್ತಕ ತೆರೆದಿತ್ತು. ಅದರಲ್ಲಿ ಗೆರೆ ಹಾಕಿದವಳು ಅವಳೇ: ತಾರೀಖು, ಯಾರದು, ರೋಗ, ವೋಲ್ಟೇಜು, ಎಣ್ಣೆ, ಬೆಸುಗೆ, ಬೆರಳು, ವಾಸನೆ. ಒಂದು ವರ್ಷದಿಂದ ಕೊನೆಯ ಕಾಲಮ್ಮು ಅವಳ ಅಕ್ಷರದಲ್ಲೇ ತುಂಬುತ್ತಿತ್ತು. ಕೊನೆಯ ಸಾಲಿನಲ್ಲಿ ಮಾತ್ರ ಮಾವನ ವಕ್ರ ಬರಹ. *ಹಲ್ಲಿನ ಡಾಕ್ಟರದು. ವಿಪರೀತ ಕಾಯುತ್ತದೆ. ರೆಸಿಸ್ಟರ್ ಹಾಕಿದೆ, ಆದರೂ ಕಾಯುತ್ತದೆ. ವಾಸನೆ: ಇಲ್ಲ. ಗುಬ್ಬಿ ನೋಡಿದಳು. ಒಂದು ಗಂಟೆ ಓಡಿಸಿ ನೋಡುವುದು.*

ಗುಬ್ಬಿ ನೋಡಿದಳು. ಅವಳು ಆ ಎರಡು ಪದಗಳನ್ನು ಎಷ್ಟೋ ಸಲ ಓದಿದಳು. ಆಮೇಲೆ ಪುಸ್ತಕ ಮುಚ್ಚಿ, ಖಾಲಿ ಡಬ್ಬಗಳ ರಾಶಿಯ ಅಡಿಗೆ ತಳ್ಳಿ, ಮೇಲೆ ಇನ್ನೆರಡು ಡಬ್ಬ ಇಟ್ಟಳು.

"ಸಿಕ್ತಾ ಕನ್ನಡಕ?" ಎಲೆಕ್ಟ್ರಿಷಿಯನ್ ಬಾಗಿಲಲ್ಲಿ ನಿಂತಿದ್ದ. ನಿಂತವನ ಮೂಗು ಅರಳಿತು. "ಅಯ್ಯೋ, ಇಲ್ಲೇ ಇದೆಯಲ್ಲ ವಾಸನೆ! ಹೇಗೆ ಸಾಧ್ಯ?" ಅಂಗಿಯ ಜೇಬಿಗೆ ಕೈಹಾಕಿ ಬಿಳಿ ಪಿಂಗಾಣಿಯ ತುಂಡೊಂದನ್ನು ತೆಗೆದು ತೋರಿಸಿದ. "ಫ್ಯೂಸು ಇಲ್ಲಿದೆ ನೋಡಮ್ಮ. ಮೂರು ದಿನದಿಂದ ನನ್ನ ಜೇಬಲ್ಲೇ ಇದೆ. ಮಲಗುವಾಗಲೂ."

*

ಅವತ್ತು ಮೂರೂವರೆ ಗಂಟೆ. ಗುಬ್ಬಿಗೆ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸಕ್ಕೆ ಸಂದರ್ಶನ. ಅದಕ್ಕಾಗಿ ಹೊಸ ಬೂಟು ಕೊಂಡಿದ್ದಳು, ಉದ್ದನೆ ಲೇಸಿನದು. ಆರಾರು ತೂತುಗಳಲ್ಲಿ ಪೋಣಿಸಿ ಕಟ್ಟುವಷ್ಟರಲ್ಲಿ ಬೆವತಿದ್ದಳು. ಅಂಗಳಕ್ಕೆ ಹೋಗುವ ದಾರಿ ಹಿಂದಿನ ಕೋಣೆಯ ಮುಂದೆ ಹಾದುಹೋಗುತ್ತದೆ.

"ಗುಬ್ಬೀ, ಮೂಗು!"

ಅವಳು ಹೊಸ್ತಿಲ ಈಚೆ ನಿಂತಳು. ಒಳಗೆ ಹೋಗಬೇಕೆಂದರೆ ಬೂಟು ಬಿಚ್ಚಬೇಕು. ಬಿಚ್ಚಿದರೆ ಮತ್ತೆ ಕಟ್ಟಬೇಕು. ಬಸ್ಸು ಮೂರು ನಲವತ್ತಕ್ಕೆ. ಮಾವ ಕುರ್ಚಿಯಲ್ಲಿ ಕೂತೇ ಇಂಜಿನ್ನನ್ನು ಎರಡು ಕೈಯಲ್ಲಿ ಎತ್ತಿ ಅವಳ ಕಡೆ ಚಾಚಿದ್ದ. ಇಬ್ಬರ ನಡುವೆ ಆರು ಹೆಜ್ಜೆ.

"ತಡ ಆಯ್ತು ಮಾವ."

"ಒಂದೇ ಒಂದು ಸಲ. ಇದು ಯಾಕೋ ನನಗೆ ಮೋಸ ಮಾಡ್ತಾ ಇದೆ."

ಅವಳು ಹೊಸ್ತಿಲಲ್ಲೇ ಕತ್ತು ಮುಂದೆ ಚಾಚಿದಳು. ಅವನಿಗೆ ತೃಪ್ತಿಯಾಗಲಿ ಅಂತ ಕಣ್ಣು ಮುಚ್ಚಿಕೊಂಡಳು ಕೂಡ. ಉಸಿರು ಎಳೆಯಲಿಲ್ಲ. ಮನಸ್ಸಿನಲ್ಲಿ ಸಂದರ್ಶನದ ಮೊದಲ ವಾಕ್ಯವನ್ನು ಬಾಯಿಪಾಠ ಮಾಡುತ್ತಿದ್ದಳು.

"ಏನೂ ಇಲ್ಲ ಮಾವ."

"ಸರಿಯಾಗಿ ನೋಡಿದೆಯಾ?"

"ಹೂಂ. ಏನೂ ಇಲ್ಲ."

"ಹಾಗಾದ್ರೆ ಸರಿ," ಅಂದ ಮಾವ. ಮುಖ ಅರಳಿತು. "ನೀನು ಇಲ್ಲ ಅಂದ್ರೆ ಇಲ್ಲ. ಹೋಗು, ಗೆದ್ದು ಬಾ."

ಮುದ್ರಣಾಲಯದಲ್ಲಿ ಅವಳ ಸರದಿ ಬರುವ ಮೊದಲೇ ಆ ಕೆಲಸ ಬೇರೆಯವರಿಗಾಗಿತ್ತು. ಐದೂಕಾಲಿಗೆ ಮನೆಯ ಗೇಟು ತೆಗೆದಾಗ ಅಂಗಳದಲ್ಲಿ ಜನ ಇದ್ದರು. ಹಿಂದಿನ ಕೋಣೆಯ ಕಿಟಕಿಯಿಂದ ಹೊಗೆಯ ಕೊನೆಯ ಎಳೆ ಹೊರಗೆ ಬರುತ್ತಿತ್ತು. ಅದು ಅವಳ ಕಡೆಗೇ ಬಂತು. ಅವಳ ಮುಖದ ಮೇಲೆ ಹಾದು ಹೋಯಿತು. ಆಗಲೇ ಅವಳಿಗೆ ಗೊತ್ತಾದದ್ದು, ತನಗೆ ಏನೂ ಗೊತ್ತಾಗುತ್ತಿಲ್ಲ ಅಂತ.

*

ಹಲ್ಲಿನ ಡಾಕ್ಟರು ಹೂವಿನೊಂದಿಗೆ ಬಂದರು. ಪೆಟ್ಟಿಗೆಯ ಮುಂದೆ ತಲೆ ಬಗ್ಗಿಸಿ ನಿಂತು, ಅತ್ತೆಗೆ ಎರಡು ಮಾತು ಹೇಳಿ, ಆಮೇಲೆ ಮೆಟ್ಟಿಲ ಬಳಿ ಗುಬ್ಬಿಯನ್ನು ಹುಡುಕಿಕೊಂಡು ಬಂದರು. ಕರವಸ್ತ್ರವನ್ನು ಕೈಯಲ್ಲಿ ಹಿಂಡುತ್ತಿದ್ದರು.

"ಕೇಳೋಕೆ ಸಂಕೋಚ ಆಗುತ್ತಮ್ಮ. ಅವತ್ತು ಓಡ್ತಾ ಇದ್ದದ್ದು... ನನ್ನ ಇಂಜಿನ್ನೇ ಅಂತೆ?"

"ಹೌದು ಡಾಕ್ಟ್ರೇ."

ಅವರು ದನಿ ತಗ್ಗಿಸಿದರು. "ನಾನೊಂದು ಕೆಲಸ ಮಾಡಿದ್ದೆ. ಹೊಗೆ ಸಾಲದು ಅಂತ ಒಳಗೆ ಸ್ವಲ್ಪ ಹತ್ತಿ ತುರುಕಿದ್ದೆ. ಹಲ್ಲು ಕಿತ್ತ ಮೇಲೆ ಕಚ್ಚಿಕೊಳ್ಳೋಕೆ ಕೊಡ್ತೀವಲ್ಲ, ಅದೇ ಉಂಡೆ. ರಕ್ತಾನೇ ಹೀರುತ್ತೆ, ಎಣ್ಣೆ ಹೀರಲ್ವಾ ಅಂತ ನನ್ನ ಬುದ್ಧಿ. ಆಮೇಲೆ ತೆಗೆಯೋಕೆ ಬರ್ಲಿಲ್ಲ. ಇಡೀ ಊರಿನ ಹಲ್ಲು ಕೀಳ್ತೀನಿ, ಒಂದು ಹತ್ತಿ ಉಂಡೆ ಕೀಳೋಕಾಗ್ಲಿಲ್ಲ."

ಅವರು ನಗಲು ನೋಡಿದರು. ಆಗಲಿಲ್ಲ.

"ಮಾವನಿಗೆ ಹೇಳಲಿಲ್ವಾ?"

"ಬೈತಾರೆ ಅಂತ ಹೇಳಲಿಲ್ಲ. ಹೇಳೋದೇನು, ಅವರೇ ಕಂಡುಹಿಡೀತಾರೆ ಅಂದ್ಕೊಂಡೆ. ಅವರ ಮೂಗು ಅಂದ್ರೆ ಸಾಮಾನ್ಯಾನಾ? ಬಾಗಿಲಲ್ಲಿ ನಿಂತೇ ರೋಗ ಹೇಳ್ತಿದ್ರು. ಅವರ ಮೂಗಿಗೆ ಅದು ಹೇಗೆ ತಪ್ಪಿತು ಅಂತ ನನಗೆ ಅರ್ಥ ಆಗ್ತಿಲ್ಲ." ಸ್ವಲ್ಪ ತಡೆದು ಕೇಳಿದರು, "ಹೇಳಮ್ಮ. ಇದು ನನ್ನಿಂದ ಆಯ್ತಾ?"

ಇಲ್ಲ ಅಂದರೆ, ಹಾಗಾದರೆ ಯಾರಿಂದ ಎನ್ನುವ ಮುಂದಿನ ಪ್ರಶ್ನೆ ಬರುತ್ತಿತ್ತು. ಗುಬ್ಬಿ ಸುಮ್ಮನಿದ್ದಳು. ಡಾಕ್ಟರ ಮುಖದ ಬಣ್ಣ ಇಳಿಯುವುದನ್ನು ನೋಡಿದಳು, ನೋಡುತ್ತಿದ್ದ ಹಾಗೆ ತನ್ನ ಎದೆಯಿಂದ ಏನೋ ಹಗುರವಾಗಿ ಅವರ ಕಡೆ ಸರಿದು ಹೋಗುತ್ತಿರುವಂತೆ ಅನಿಸಿತು. ಎಷ್ಟು ಸುಲಭ! ಡಾಕ್ಟರು ಇದ್ದಕ್ಕಿದ್ದಂತೆ ಮೂಗನ್ನು ಒರೆಸಿಕೊಂಡು, ತಮ್ಮ ಕೋಟಿನ ತೋಳನ್ನು ಮೂಸಿಕೊಂಡರು. "ಏನೋ ಸುಟ್ಟ ವಾಸನೆ," ಅಂತ ಗೊಣಗಿ ಜನರ ನಡುವೆ ಸೇರಿಹೋದರು.

ಆ ಹಗುರಕ್ಕೇ ಅವಳು ಎಲ್ಲಕ್ಕಿಂತ ಹೆಚ್ಚು ಹೆದರಿದಳು.

ಗಾಡಿ ಬಂದು ನಿಂತಿತು. ಪೆಟ್ಟಿಗೆ ಎತ್ತುವಾಗ ದೊಡ್ಡಮ್ಮ ತಮ್ಮನ ಕಾಲು ಹಿಡಿದುಕೊಂಡು ಅತ್ತಳು. ಚಿಕ್ಕಂದಿನಲ್ಲಿ ಅವನಿಗೆ ತಾನೇ ತಲೆ ಬಾಚುತ್ತಿದ್ದೆ ಅಂದಳು. ಅಳು ಮುಗಿದ ಮೇಲೆ ಕಣ್ಣೊರೆಸಿಕೊಂಡು ಅತ್ತೆಯ ಕಡೆ ತಿರುಗಿದಳು. "ಇಪ್ಪತ್ತು ವರ್ಷ ಆ ಬಾಗಿಲು ಹಾಕ್ಕೊಂಡೇ ಸಂಸಾರ ಮಾಡಿದೆ. ಇನ್ನು ತೆಗೆದಿಟ್ಕೋ. ಯಾರೂ ಹೊಗೆ ಬಿಡಲ್ಲ."

ಅತ್ತೆ ಹೋಗಿ ಗಾಡಿ ಹತ್ತಿದಳು. ಗುಬ್ಬಿಯ ಪಕ್ಕ ಕೂತವಳು, ಎರಡು ಬೀದಿ ದಾಟಿದ ಮೇಲೆ, ಮುಂದೆ ನೋಡುತ್ತಲೇ ಹೇಳಿದಳು: "ಅಕ್ಕ ಹೇಳೋದು ನಿಜ ಕಣೆ. ಅವತ್ತು ಒಳಗಿಂದ ಏನೋ ಶಬ್ದ ಆಯ್ತು. ಡಬ್ಬ ಬಿತ್ತು ಅಂದ್ಕೊಂಡೆ. ಪೇಪರಲ್ಲಿ ಅರ್ಧ ಓದಿದ್ದ ಸುದ್ದಿ ಪೂರ್ತಿ ಓದಿ ಎದ್ದೆ. ಬಾಗಿಲು ತೆಗೆದೇ ಇದ್ದಿದ್ರೆ ಬಿದ್ದದ್ದು ಅವರು ಅಂತ ಗೊತ್ತಾಗ್ತಿತ್ತು. ಇನ್ನು ಇರೋವರೆಗೂ ನನ್ನ ಕಣ್ಣ ಮುಂದೆ ಆ ಬಾಗಿಲೇ."

*

ವಿದ್ಯುತ್ ಚಿತಾಗಾರದ ಒಳಗೆ ಬೆಳ್ಳಗೆ ಬೆಳಕಿತ್ತು, ಆಸ್ಪತ್ರೆಯಂತೆ. ಕುಲುಮೆಯ ಕೆಲಸದವನು ನೀಲಿ ಅಂಗಿ ಹಾಕಿದ ಸಣಕಲು ಮನುಷ್ಯ. ಕೈಗವಸುಗಳನ್ನು ಸೊಂಟದ ಪಟ್ಟಿಗೆ ಸಿಕ್ಕಿಸಿಕೊಂಡಿದ್ದ. ಮುಖ ಮೇಲೆತ್ತಿ ಚಿಮಣಿ ಹುಡುಕುತ್ತಿದ್ದ ಕ್ಲಬ್ಬಿನವರಿಗೆ, "ಹೊಗೆ ಕಾಣಲ್ಲ ಸಾರ್. ಮುಂಚೆ ಕಾಣ್ತಿತ್ತು. ಈಗ ಹೊಗೆ ಕಂಡ್ರೆ ಕೆಲಸ ಕೆಟ್ಟಿದೆ ಅಂತ ಲೆಕ್ಕ, ಮೇಲಿನೋರು ನನ್ನ ಚರ್ಮ ಸುಲೀತಾರೆ," ಅಂದ.

"ನಮ್ಮ ಮೇಷ್ಟ್ರು ಇದನ್ನ ಕೇಳಿದ್ರೆ ಪೆಟ್ಟಿಗೆಯಿಂದ ಎದ್ದು ವಾಪಸ್ ಮನೆಗೆ ಹೋಗ್ತಿದ್ರು," ಅಂದರು ಒಬ್ಬರು. ಬೆಳಗಿನಿಂದ ಮೊದಲ ಸಲ ಎಲ್ಲರೂ ನಕ್ಕರು. ನಗು ಆ ಗೋಡೆಗಳಿಗೆ ಬಡಿದು ವಿಚಿತ್ರವಾಗಿ ಹಿಂದಿರುಗಿತು.

ಪೆಟ್ಟಿಗೆ ಹಳಿಯಂಥ ಎರಡು ಕಂಬಿ ಮೇಲೆ ನಿಂತಿತ್ತು. ಎದುರಿಗೆ ಗೋಡೆಯಲ್ಲಿ ಚೌಕಾಕಾರದ ಬಾಯಿ, ಒಳಗೆ ಇಟ್ಟಿಗೆಗಳು ಕಿತ್ತಳೆ ಬಣ್ಣಕ್ಕೆ ತಿರುಗಿದ್ದವು. ಬಾಯಿಯ ಮೇಲೆ ಕಬ್ಬಿಣದ ಬಾಗಿಲು ತೂಗಿಕೊಂಡಿತ್ತು. ಪಕ್ಕದಲ್ಲಿ ಒಂದು ಹಸಿರು ಗುಂಡಿ, ಒಂದು ಕೆಂಪು ಗುಂಡಿ.

"ಹಸಿರು ಒತ್ತಿದ್ರೆ ಪೆಟ್ಟಿಗೆ ಒಳಗೆ ಹೋಗುತ್ತೆ. ಅದು ನಾನು ಮಾಡ್ತೀನಿ. ಕೆಂಪು ಮನೆಯವರು ಒಬ್ರು ಒತ್ತಿ. ನಾನೂ ಒತ್ತಬಹುದು. ಆದ್ರೆ ಮನೆಯವರು ಒತ್ತಿದ್ರೆ ನನಗೂ ನಿದ್ದೆ ಬರುತ್ತೆ ತಾಯಿ."

ಪೆಟ್ಟಿಗೆ ಮೆಲ್ಲಗೆ ಚಲಿಸಿತು. ಹಳಿಯ ಸಂದಿಯಲ್ಲಿ ಒಮ್ಮೆ ಟಕ್ ಅಂದು, ಒಳಗೆ ಹೋಗಿ ನಿಂತಿತು. ಅತ್ತೆ ಮುಂದೆ ಬಂದಳು. ಅವಳ ಹಿಂದೆ ಗುಬ್ಬಿಯೂ ಬಂದಳು. ಕುಲುಮೆಯವನು ತಟ್ಟನೆ ಮೂಗೆತ್ತಿ ಗೋಡೆಯ ಮೇಲಿನ ಶಾಖಮಾಪಕದ ಮುಳ್ಳನ್ನು ನೋಡಿದ, ಆಮೇಲೆ ಕುಲುಮೆಯ ಬಾಯಿಯನ್ನು.

"ಇನ್ನೂ ಪೂರ್ತಿ ಉರಿ ಕೊಟ್ಟೇ ಇಲ್ಲ," ಅಂತ ತನಗೆ ತಾನೇ ಹೇಳಿಕೊಂಡ. "ಆಗಲೇ ಬಟ್ಟೆ ಸುಟ್ಟ ವಾಸನೆ."

ಅತ್ತೆಯ ಬೆರಳು ಕೆಂಪು ಗುಂಡಿಯ ಮುಂದೆ ನಿಂತಿತು.

"ಇದನ್ನ ಒತ್ತಿದ್ರೆ ಏನಾಗುತ್ತಪ್ಪ?"

"ಬಾಗಿಲು ಇಳಿಯುತ್ತೆ ತಾಯಿ. ಅಷ್ಟೇ."

ಅತ್ತೆ ಕೈ ಹಿಂದಕ್ಕೆಳೆದುಕೊಂಡಳು.

"ಆಗಲ್ಲ. ಒಂದು ಸಲ ಹಾಕಿದೀನಿ ಅವರ ಮೇಲೆ ಬಾಗಿಲು. ಇನ್ನೊಂದು ಸಲ ಹಾಕಲ್ಲ."

"ಈಗ ಅದೆಲ್ಲ ಯಾಕೆ," ಅಂದಳು ದೊಡ್ಡಮ್ಮ, ನೆಲ ನೋಡುತ್ತಾ.

"ನೀವೇ ಅಂದ್ರಲ್ಲ ಅಕ್ಕ. ಸರಿಯಾಗೇ ಅಂದ್ರಿ."

ಕಿತ್ತಳೆ ಬೆಳಕು ಅತ್ತೆಯ ಕೆನ್ನೆಯ ಒಂದು ಪಕ್ಕದ ಮೇಲೆ ಬಿದ್ದಿತ್ತು. ಅವಳು ಇನ್ನು ಹತ್ತು ವರ್ಷ ಬದುಕಬಹುದು, ಇಪ್ಪತ್ತು ಬದುಕಬಹುದು, ಅಷ್ಟೂ ವರ್ಷ ಆ ಬಾಗಿಲ ಎದುರೇ ಕೂತಿರುತ್ತಾಳೆ ಅಂತ ಗುಬ್ಬಿಗೆ ಕಂಡಿತು. ಹಿಂದಿನಿಂದ ಹಲ್ಲಿನ ಡಾಕ್ಟರು ಗಂಟಲು ಸರಿಮಾಡಿಕೊಂಡರು. "ಇಲ್ಲಮ್ಮ, ಹೇಳಬೇಕಾದ್ದು ನಾನು. ತಪ್ಪು ನನ್ನದು, ನಾನು ಆ ಇಂಜಿನ್ನಲ್ಲಿ—"

"ಬಾಗಿಲಲ್ಲ ಅತ್ತೆ."

ಇಷ್ಟು ಜನರ ಮುಂದೆ ತನ್ನ ದನಿ ಹೇಗೆ ಕೇಳಿಸುತ್ತದೆ ಅಂತ ಗುಬ್ಬಿಗೆ ಗೊತ್ತಿರಲಿಲ್ಲ. ಅದು ಅವಳು ಅಂದುಕೊಂಡದ್ದಕ್ಕಿಂತ ದಪ್ಪಗಿತ್ತು.

"ಡಾಕ್ಟರದ್ದೂ ಅಲ್ಲ. ಮಾವನಿಗೆ ಒಂದು ವರ್ಷದಿಂದ ವಾಸನೆ ಗೊತ್ತಾಗ್ತಿರ್ಲಿಲ್ಲ. ಎಲ್ಲ ನಾನೇ ಮೂಸಿ ಹೇಳ್ತಿದ್ದೆ. ಅವತ್ತೂ ಕರೆದ. ಬೂಟು ಬಿಚ್ಚಬೇಕಲ್ಲ ಅಂತ ನಾನು ಒಳಗೆ ಹೋಗಲಿಲ್ಲ. ನಾನು ಮೂಸಲೇ ಇಲ್ಲ ಅತ್ತೆ. ಮೂಸದೇ, ಏನೂ ಇಲ್ಲ ಮಾವ ಅಂದೆ."

ಕುಲುಮೆಯವನು ಕೈಗವಸು ಅರ್ಧ ತೊಟ್ಟವನು ಹಾಗೇ ನಿಂತ. ಅತ್ತೆ ತಿರುಗಿ ಗುಬ್ಬಿಯನ್ನು ನೋಡಿದಳು, ಮೊದಲ ದಿನ ಮನೆಯ ಬಾಗಿಲಲ್ಲಿ ನಿಂತ ಹನ್ನೆರಡು ವರ್ಷದ ಹುಡುಗಿಯನ್ನು ನೋಡಿದಷ್ಟು ಹೊತ್ತು. ಅವಳ ಮುಖದಲ್ಲಿ ಸಿಟ್ಟಿತ್ತೋ ಇನ್ನೇನಿತ್ತೋ, ಕಿತ್ತಳೆ ಬೆಳಕಿನಲ್ಲಿ ತಿಳಿಯಲಿಲ್ಲ. ಆಮೇಲೆ ಸೆರಗು ಎಳೆದುಕೊಂಡು ಒಂದು ಹೆಜ್ಜೆ ಪಕ್ಕಕ್ಕೆ ಸರಿದಳು. ಕೆಂಪು ಗುಂಡಿಯ ಮುಂದೆ ಸರಿಯಾಗಿ ಒಬ್ಬರು ನಿಲ್ಲುವಷ್ಟು ಜಾಗವಾಯಿತು.